ಮನೆಯಿಂದ ತಂದ ಬಟ್ಟಲು

ಅಂಬಾದಾಸ ಪಾಸ್ಟರ್‌ಗೆ ತನ್ನ ಸಭೆಯ ಜನರ ಮುಖಕ್ಕಿಂತ ಫೋನಿನಲ್ಲಿ ಕೇಳುವ ಅವರ ಬೆನ್ನ ಹಿಂದಿನ ಸದ್ದುಗಳೇ ಹೆಚ್ಚು ಗುರುತು. ಕುಕ್ಕರ್ ಮೂರು ಸಲ ಕೂಗಿ ಸುಮ್ಮನಾದರೆ ಅದು ಡೊಂಬಿವಲಿಯ ವಿಶ್ರುತರ ಮನೆ. ಪ್ರಾರ್ಥನೆಯ ನಡುವೆ "ಸ್ಟೇಶನ್ ತಕ್ ಪಚಾಸ್ ಲಗೇಗಾ" ಅಂತ ಕೇಳಿದರೆ, ಟಿಟ್ವಾಳಾದ ರೇವಣಸಿದ್ದ ಮೈಕ್ ಬಂದ್ ಮಾಡುವುದು ಮರೆತು ರಿಕ್ಷಾಕ್ಕೆ ಗಿರಾಕಿ ಹತ್ತಿಸಿಕೊಂಡ ಅಂತ ಅರ್ಥ. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದು ಠಣ್ ಅಂದರೆ ಕಳಂಬೋಲಿಯ ಮರೆಮ್ಮ.

ಎರಡು ವರ್ಷದ ಹಿಂದೆ ಹನ್ನೊಂದು ಮನೆಗಳಿಂದ ಶುರುವಾದದ್ದು. ಅಂಬಾದಾಸ ಹೊಟ್ಟೆಪಾಡಿಗೆ ಕಳಂಬೋಲಿಯ ಉಕ್ಕಿನ ಮಾರ್ಕೆಟ್ಟಿನಲ್ಲಿ ಲಾರಿಗಳ ತೂಕ ಬರೆಯುವವನು. ಮನೆ ಕಲ್ಯಾಣ ಪೂರ್ವದಲ್ಲಿ. ಊರು ಕಲಬುರಗಿ ಕಡೆ. ಅವನ ಕನ್ನಡದ ವಿಶ್ವಾಸಿಗಳು ಟಿಟ್ವಾಳಾದಿಂದ ಪನವೇಲ್‌ವರೆಗೆ ಕಾಳು ಚೆಲ್ಲಿದ ಹಾಗೆ ಚೆಲ್ಲಿಹೋಗಿದ್ದರು. ಭಾನುವಾರವೂ ರಜೆ ಇಲ್ಲದವರು. ಅವರನ್ನೆಲ್ಲ ಒಂದು ಕಡೆ ಸೇರಿಸಲು ಚರ್ಚ್ ಎಲ್ಲಿಂದ ತರುವುದು? ಕೊನೆಗೆ ಹೆಂಡತಿ ಕಾಂಚನಾಳೇ ಉಪಾಯ ಹೇಳಿದಳು. "ಎಲ್ಲಾರ ಕೈಯಾಗೂ ಮೊಬೈಲ್ ಅದಲ್ರಿ? ಅದ್ರಾಗ ಸೇರಸ್ರಿ."

ದಿನಾ ಬೆಳಿಗ್ಗೆ ಆರಕ್ಕೆ, ಮುಕ್ಕಾಲು ಗಂಟೆ. ಪ್ರಸಂಗ ಮಾಡುವುದಿಲ್ಲ ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದ. "ನಾ ಒಂದು ಭಾಗ ಓದ್ತೀನಿ. ಅದ್ರಾಗ ನಿಮಗ ಏನು ಚುಚ್ಚಿತು, ಅದನ್ನ ನೀವು ಹೇಳ್ರಿ. ಪಾಸ್ಟರ್‌ನ ಮಾತು ಕೇಳಿ ಕೇಳಿ ನಿಮ್ಮ ಕಿವಿ ಸತ್ತಾವ." ಜನ ಹೇಳತೊಡಗಿದರು. ಸೆಂಟ್ರಿಂಗ್ ಹಲಗೆ ಹೊಡೆಯುವವರು, ಸೆಕ್ಯೂರಿಟಿ ನಿಲ್ಲುವವರು, ಉಲ್ಹಾಸನಗರದಲ್ಲಿ ಜೀನ್ಸ್‌ಗೆ ಗುಂಡಿ ಹಾಕುವವರು ದೇವರ ಬಗ್ಗೆ ತಮ್ಮ ಬಾಯಿಂದಲೇ ಮಾತಾಡತೊಡಗಿದರು. ಹನ್ನೊಂದು ಮನೆ ನೂರಾ ಅರವತ್ತಾಯಿತು. ಹೆಸರು 'ಒಂದೇ ಮೇಜು'. ಅವರಲ್ಲಿ ಮುಕ್ಕಾಲು ಜನರ ಮನೆಯಲ್ಲಿ ಮೇಜೇ ಇರಲಿಲ್ಲ, ಆ ಮಾತು ಬೇರೆ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಕರ್ತನ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವುದು. ಅದಕ್ಕೊಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಅವರವರ ಮನೆಯಲ್ಲಿ ಅವರವರ ರೊಟ್ಟಿ, ಅವರವರ ಬಟ್ಟಲು, ಅದರಲ್ಲಿ ಒಂದು ಗುಟುಕು ದ್ರಾಕ್ಷಾರಸ. ಅಂಬಾದಾಸ ಇಲ್ಲಿ ರೊಟ್ಟಿ ಮುರಿದರೆ ನೂರಾ ಅರವತ್ತು ಮನೆಯಲ್ಲಿ ರೊಟ್ಟಿ ಮುರಿಯುತ್ತಿತ್ತು. ಕ್ಯಾಮೆರಾ ಬಂದ್. ಕಣ್ಣು ಮುಚ್ಚಿಕೊಂಡರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಂತೆ ಅವನಿಗೆ ಕಾಣಿಸುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಎರಡು ವರ್ಷ ಕಳೆದ.

ಆ ನೂರಾ ಅರವತ್ತರಲ್ಲಿ ಎಲ್ಲರೂ ಕಾಯುತ್ತಿದ್ದುದು ಮರೆಮ್ಮನ ಮಾತಿಗೆ. ರಾಯಚೂರು ಜಿಲ್ಲೆಯವಳು, ಅರವತ್ತರ ಹತ್ತಿರ, ಓದು ಬರದು. ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು ಉಕ್ಕಿನ ಗೋದಾಮುಗಳ ಮುಂದಿನ ಧೂಳಿನಲ್ಲಿ ಆಡಿಸಿ, ಅಂಟಿದ ಚೂರುಗಳನ್ನು ಚೀಲಕ್ಕೆ ಬಡಿದು ಗುಜರಿಗೆ ಹಾಕುವುದು ಅವಳ ದುಡಿಮೆ. ಬೆಳಿಗ್ಗೆ ಆರಕ್ಕೇ ಕೆಲಸದ ಮೇಲಿರುತ್ತಿದ್ದಳು. ಫೋನು ಸೆರಗಿನ ಗಂಟಿನಲ್ಲಿ.

ಒಂದು ದಿನ ಓದಿನ ಭಾಗ ಬಾವಿಯದು. ಕರ್ತನು ದಣಿದು ಬಾವಿಕಟ್ಟೆಯ ಮೇಲೆ ಕೂತು, ಮುಟ್ಟಬಾರದವಳೆಂದು ಜನ ದೂರ ಇಟ್ಟ ಹೆಂಗಸಿನ ಕೈಯಿಂದ ನೀರು ಕೇಳಿದ್ದು. ಮರೆಮ್ಮ ಮೈಕ್ ತೆರೆದಳು. ಠಣ್ ಅಂತ ಒಂದು ಸದ್ದು, ಆಮೇಲೆ ದನಿ.

"ನಮ್ಮದು ಮಾದಿಗರ ಕೇರಿ ಅಯ್ಯನೋರೇ. ಬಾವಿಗೆ ನಮ್ಮ ಹಗ್ಗ ಬಿಡಾಕ ಬಿಡ್ತಿರಲಿಲ್ಲ. ಯಾರರೆ ಮ್ಯಾಲಿಂದ ಹುಯ್ದ್ರ ಉಂಟು. ನೀರು ಬೇಡೋದು ನಮಗ ಗೊತ್ತೈತಿ. ಆದ್ರ ಆತ ತಾನೇ ಆಕಿನ್ನ ಬೇಡಿದ ನೋಡ್ರಿ, ನನಗ ಅದು ಚುಚ್ಚಿತು. ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ ಆತು. ನನ್ನ ಮನಿಗೆ ಮಂದಿ ಬಂದಾರ, ಹೋಗ್ಯಾರ. ಯಾರೂ ಇನ್ನೂ ನೀರು ಕೇಳಿಲ್ಲ."

ಪರದೆಯ ಮೇಲೆ ಹೃದಯದ ಚಿತ್ರಗಳು ಬುಳುಬುಳು ಎದ್ದವು. ಅಂಬಾದಾಸನ ಕಣ್ಣು ತುಂಬಿತು. ಅವನೂ ಒಂದು ಹೃದಯ ಒತ್ತಿದ. ಆ ಮಾತನ್ನು ಕತ್ತರಿಸಿ ಆಡಿಯೋ ಮಾಡಿ, 'ಕೇಳಿ, ಹಂಚಿ' ಅಂತ ಎಲ್ಲರಿಗೂ ಕಳಿಸಿದ. ಅದು ಪುಣೆಯವರೆಗೂ ಹೋಯಿತು.

ಆ ಹುರುಪಿನಲ್ಲೇ ಅವನಿಗೆ ಆಸೆ ಹುಟ್ಟಿದ್ದು. ಎಷ್ಟು ದಿನ ಅಂತ ಗಾಜಿನ ಹಿಂದೆ? ಒಂದು ಸಲವಾದರೂ ಮುಖಕ್ಕೆ ಮುಖ ಕೊಟ್ಟು ಕೂರಬೇಕು. ಕಲ್ಯಾಣ ಪೂರ್ವದಲ್ಲಿ ಒಂದು ಶಾಲೆಯ ಹಾಲ್ ಹಿಡಿದ. ಗುಂಪಿನಲ್ಲಿ ಬರೆದ: "ಬರುವ ಭಾನುವಾರ ಎಲ್ಲರೂ ಬನ್ನಿ. ಒಂದೇ ರೊಟ್ಟಿ, ಒಂದೇ ಬಟ್ಟಲು. ರೊಟ್ಟಿ ಬಡಿದು ತರುವವರು ನಮ್ಮ ಮರೆಮ್ಮ."

ಕೈ ಮುಗಿದ ಚಿತ್ರಗಳು ಬಂದವು. ವಿಶ್ರುತ ಫೋನ್ ಮಾಡಿದ. ಉಡುಪಿ ಕಡೆಯವನು, ಬೇಲಾಪುರದ ಕಚೇರಿಯಲ್ಲಿ ಕೆಲಸ, ಮೂರು ತಲೆಮಾರಿನ ಕ್ರೈಸ್ತ ಮನೆತನ. ಮೂರು ತಲೆಮಾರಿನ ಹಿಂದೆ ಬಿಟ್ಟ ಜಾತಿ ಅವರ ಮನೆಯಲ್ಲಿ ಮದುವೆ ಮಾತುಕತೆಯ ಹೊತ್ತಿಗೆ ಮಾತ್ರ ನೆನಪಾಗುತ್ತಿತ್ತು.

"ಪಾಸ್ಟ್ರೇ, ಅವತ್ತು ಮೆಗಾ ಬ್ಲಾಕ್ ಉಂಟು, ಟ್ರೇನ್ ಇಲ್ಲ. ಮುಂದೆ ಹಾಕುವನಾ?"

"ಎರಡು ವರ್ಷ ಮುಂದಕ್ಕ ಹಾಕೀವಿ ವಿಶ್ರುತ ಅವರೇ. ನಡಕೋತ ಬರೂಣು."

"ಹಾಗಲ್ಲ ಮಾರಾಯ್ರೆ... ಆಯ್ತು. ನಿಮ್ಮ ಇಷ್ಟ."

ಆ 'ಹಾಗಲ್ಲ' ಅನ್ನುವ ಮಾತು ಅಲ್ಲಿಗೇ ನಿಂತದ್ದು ಅಂಬಾದಾಸನಿಗೆ ಆಗ ಕೇಳಿಸಲಿಲ್ಲ.

ಭಾನುವಾರ ಮೆಗಾ ಬ್ಲಾಕ್ ಇದ್ದರೂ ಎಪ್ಪತ್ತು ಮನೆಯ ಜನ ಬಂದರು. ಅಂಬಾದಾಸ ಬಾಗಿಲಲ್ಲೇ ನಿಂತು ದನಿಗೆ ಮುಖ ಜೋಡಿಸುತ್ತಿದ್ದ. "ಅಯ್ಯ, ನೀವೇನು ಕುಕ್ಕರ್ ಮನಿಯವ್ರು!" ಅಂದ. ವಿಶ್ರುತನ ಹೆಂಡತಿ ನಾಚಿ ನಕ್ಕಳು. ರೇವಣಸಿದ್ದ ರಿಕ್ಷಾದಲ್ಲಿ ಏಳು ಜನರನ್ನು ತುರುಕಿಕೊಂಡು ಬಂದಿದ್ದ. "ಪಾಸ್ಟರ್ರೇ, ಟಿಟ್ವಾಳಾದ ಗಣಪ್ಪಗ ಕೈ ಮುಗದು, ಹಿಂಗ ಸೀದಾ ಬಂದೀವ್ರಿ, ಸಿಟ್ಟಾಗಬ್ಯಾಡ್ರಿ" ಅಂತ ಚೇಷ್ಟೆ ಮಾಡಿದ. ವಿಜಯಪುರದ ಕಡೆಯವನು, ಕುರಿ ಕಾಯುವ ಮನೆತನ, ಮದುವೆಯಾದ ಮೇಲೆ ಕರ್ತನನ್ನು ನಂಬಿದವನು. ನೀರಿನ ಬಾಟ್ಲಿ ತೆಗೆದು ಬಾಯಿ ಹಚ್ಚಿ ಗಟಗಟ ಕುಡಿದು ವಿಶ್ರುತನಿಗೆ ದಾಟಿಸಿದ. ವಿಶ್ರುತನೂ ಬಾಯಿ ಹಚ್ಚಿಯೇ ಕುಡಿದ. ಅಂಬಾದಾಸ ಅದನ್ನು ನೋಡಿ, ನೋಡಪ್ಪ ದೇವರೇ, ಉಡುಪಿಯೂ ವಿಜಯಪುರವೂ ಒಂದೇ ಬಾಟ್ಲಿಯಲ್ಲಿ ಅಂತ ಹಿಗ್ಗಿದ.

ಮರೆಮ್ಮ ಕಳಂಬೋಲಿಯಿಂದ ಬಸ್ ಹಿಡಿದು ಎಲ್ಲರಿಗಿಂತ ಮುಂಚೆ ಬಂದಿದ್ದಳು. ಹೊಸ ಬಿಳಿ ಬಟ್ಟೆಯಲ್ಲಿ ಜೋಳದ ರೊಟ್ಟಿ. ನಸುಕಿನಲ್ಲಿ ಎದ್ದು, ಬಿಸಿನೀರಿನಲ್ಲಿ ಹಿಟ್ಟು ನಾದಿ, ಉಪ್ಪಿಲ್ಲದೆ ಬಡಿದದ್ದು. ಒಂದೊಂದೂ ಹುಣ್ಣಿಮೆಯ ಹಾಗೆ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಇಸ್ತ್ರಿಯ ಗೆರೆ ಇನ್ನೂ ನೆಟ್ಟಗಿತ್ತು. ಬಂದವರೆಲ್ಲ ಅವಳಿಗೆ ಕೈ ಮುಗಿದರು. "ನಿಮ್ಮ ಮಾತು ನಮ್ಮ ತಂಗಿಗೂ ಕಳ್ಸಿದೀವಿ ಅಮ್ಮಾ" ಅಂದರು. ಅವಳ ಪಕ್ಕದ ಎರಡು ಕುರ್ಚಿ ಮಾತ್ರ ಕೊನೆಯವರೆಗೂ ತುಂಬಲಿಲ್ಲ.

ಬರಲಾಗದವರಿಗಾಗಿ ಕಾಂಚನಾ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಲೈವ್ ಹಚ್ಚಿದಳು. ಇನ್ನೂ ತೊಂಬತ್ತು ಮನೆಗಳು ಅದರಲ್ಲಿ ಕೂತಿದ್ದವು.

ಹಾಡಾಯಿತು. ಓದಾಯಿತು. ಅಂಬಾದಾಸ ರೊಟ್ಟಿ ಎತ್ತಿ ಮುರಿದ. ಚಟ್ಟನೆ ಸದ್ದಾಯಿತು. ತಟ್ಟೆ ಹಿಡಿದು ಮೊದಲ ಸಾಲಿಗೆ ಬಂದು ರೇವಣಸಿದ್ದನ ಹೆಂಡತಿಯ ಮುಂದೆ ಬಾಗಿದ.

ಅವಳು ಕೈ ಚಾಚಲಿಲ್ಲ. ಕಾಲಬುಡದ ಚೀಲದ ಜಿಪ್ ಎಳೆದಳು. ಒಳಗಿಂದ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಅರ್ಧ ಚಪಾತಿ, ಪುಟ್ಟದೊಂದು ಬಟ್ಟಲು.

"ನಮ್ದು ನಾವು ತಂದೀವ್ರಿ ಪಾಸ್ಟರ್. ಮನ್ಯಾಗ ಹ್ಯಾಂಗ ಮಾಡ್ತೀವಿ, ಹಂಗ."

ಅಂಬಾದಾಸನಿಗೆ ಅರ್ಥವಾಗಲಿಲ್ಲ. ಪದ್ಧತಿ ತಪ್ಪು ತಿಳಿದಿದ್ದಾಳೆ ಅಂದುಕೊಂಡು ಮೆಲ್ಲಗೆ, "ಇಲ್ಲಿ ಬ್ಯಾಡವ್ವ, ಇಲ್ಲಿ ಎಲ್ಲಾರಿಗೂ ಒಂದೇ ಅದ" ಅಂದ. ಅವಳು ನೆಲ ನೋಡಿದಳು. ಪಕ್ಕದಲ್ಲಿ ಇನ್ನೊಂದು ಜಿಪ್ ಸರಿಯಿತು. ಅದರ ಹಿಂದೆ ಮತ್ತೊಂದು. ಆಮೇಲೆ ಹಾಲ್ ತುಂಬ ಜಿಪ್ಪುಗಳ ಸದ್ದು, ಡಬ್ಬಿ ಮುಚ್ಚಳಗಳ ಸದ್ದು, ಪ್ಲಾಸ್ಟಿಕ್ ಚೀಲಗಳ ಸರಬರ. ಸ್ಟೀಲ್ ಬಟ್ಟಲು, ಗಾಜಿನ ಲೋಟ, ಕೆಮ್ಮಿನ ಔಷಧಿಯ ಮುಚ್ಚಳ. ಜನರ ತೊಡೆಯ ಮೇಲೆ ಎಪ್ಪತ್ತು ಮನೆಗಳ ಪಾತ್ರೆ ಹೊರಬಂದು ಕೂತವು. ಯಾರೂ ಯಾರ ಮುಖ ನೋಡಲಿಲ್ಲ.

ಲಾರಿಯ ತೂಕ ಬರೆಯುವವನಿಗೆ ಒಂದು ತುಂಡು ರೊಟ್ಟಿಯ ತೂಕ ತಾಳಲಾಗಲಿಲ್ಲ.

ವಿಶ್ರುತ ಎದ್ದು ಬಂದು ಕಿವಿಯ ಹತ್ತಿರ ಪಿಸುಗುಟ್ಟಿದ. "ಎಂತಕ್ಕೆ ದೊಡ್ಡದು ಮಾಡುದು ಪಾಸ್ಟ್ರೇ? ಕೊರೋನಾ ಆದ ಮೇಲೆ ಎಲ್ಲರಿಗೂ ಸ್ವಲ್ಪ ಹೈಜಿನ್ ಅಂತ..."

"ಹೈಜಿನ್?" ಅಂಬಾದಾಸನ ದನಿ ಒಡೆಯಿತು. "ಈಗ ಬಾಗಿಲದಾಗ ರೇವಣಸಿದ್ದನ ಎಂಜಲ ಬಾಟ್ಲಿ ಕುಡದ್ರಲ್ರಿ ನೀವು?"

ವಿಶ್ರುತನ ಕಿವಿ ಕೆಂಪಾದವು. "ಅದು ಬೇರೆ. ನೀವು ಆ ಹೆಸರು ಬರಿಯದೆ, ಬೇಕರಿಯಿಂದ ಬ್ರೆಡ್ ತಂದಿದ್ರೆ ಯಾರೂ ಮಾತಾಡ್ತಿರ್ಲಿಲ್ಲ. ಆನ್‌ಲೈನಿನಲ್ಲಿ ಎಷ್ಟು ಚಂದ ನಡೀತಿತ್ತು! ಆ ಅಮ್ಮನ ಮಾತು ನಮ್ಗೂ ಇಷ್ಟವೇ. ಮಾತು ಕೇಳುದು ಬೇರೆ, ಇದು ಬೇರೆ. ಶುಕ್ರವಾರವೇ ಎಲ್ಲ ಮಾತಾಗಿದೆ. ನಿಮ್ಗೆ ಬೇಜಾರಾಗ್ಬಾರ್ದು ಅಂತ ಹೇಳ್ಲಿಲ್ಲ."

"ಎಲ್ಲಿ ಮಾತಾಗ್ಯದ?"

"ಬೇರೆ ಗ್ರೂಪ್ ಉಂಟಲ್ಲ. ಕಾಂಚನಕ್ಕ ಹೇಳ್ಲಿಲ್ವಾ?"

ಅಂಬಾದಾಸ ತಿರುಗಿ ನೋಡಿದ. ಕಾಂಚನಾ ಫೋನಿನ ಸ್ಟ್ಯಾಂಡ್ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಅವನು ತನ್ನ ಕೈಚೀಲ ಎತ್ತಿಕೊಂಡ. ಬೆಳಿಗ್ಗೆ ಅವಳೇ ತುಂಬಿಕೊಟ್ಟದ್ದು. ಒಳಗೆ ಟವೆಲ್ ಸುತ್ತಿದ ಗಂಟು. ಬಿಚ್ಚಿದರೆ ತಮ್ಮ ಮನೆಯ ಎರಡು ಬಟ್ಟಲು, ಅಂಚಿನಲ್ಲಿ ಕಾಂಚನಾಳ ತವರಿನ ಹೆಸರು ಕೊರೆದವು. ಅವೇ.

ಅಂದರೆ ನೂರಾ ಅರವತ್ತು ಮನೆ ಕೂಡಿದ್ದು ಪ್ರೀತಿಗಲ್ಲ. ಕೂಡದೇ ಇರಲು ಸಿಕ್ಕ ಅನುಕೂಲಕ್ಕೆ. ಎರಡು ವರ್ಷ ತಾನು ಕಟ್ಟಿದ್ದು ಮೇಜಲ್ಲ, ಗೋಡೆ. ಅದೂ ಯಾರ ಕಣ್ಣಿಗೂ ಬೀಳದ ಗೋಡೆ. ಊರಲ್ಲಿ ಗೌಡ ಕಟ್ಟಿದರೆ ಅದಕ್ಕೆ ಕಲ್ಲು ಬೇಕಿತ್ತು. ಇಲ್ಲಿ ನೆಟ್‌ಪ್ಯಾಕ್ ಸಾಕಾಯಿತು.

ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ.

"ನಾಚಿಕಿ ಬರಂಗಿಲ್ಲೇನು ನಿಮಗ? ಸ್ತೋತ್ರ ಹೇಳೋ ಬಾಯಿ ಏನು ಅದು? ಆಕಿ ಮಾತು ಬೇಕು, ಆಕಿ ರೊಟ್ಟಿ ಬ್ಯಾಡ? ಆಕಿ ದುಃಖ ಫಾರ್ವರ್ಡ್ ಮಾಡ್ತೀರಿ, ಹೃದಯ ಒತ್ತತೀರಿ, ಆಕಿ ಕೈಯಾನ ತುಂಡು ನಿಮ್ಮ ಗಂಟಲದಾಗ ಇಳಿಯಂಗಿಲ್ಲ? ಮೇಲಜಾತಿಯವರು ನಮ್ಮನ್ನ ಹೊರಗ ಇಟ್ರು ಅಂತ ಅಳಕೋತ ಬಂದು, ಇಲ್ಲಿ ನೀವು—"

"ಅವರನ್ನ ಬೈಬ್ಯಾಡ್ರಿ ಅಯ್ಯನೋರೇ."

ಮರೆಮ್ಮ ಎದ್ದು ನಿಂತಿದ್ದಳು. ಅವಳ ದನಿಯ ಹಿಂದೆ ಇವತ್ತು ಕಬ್ಬಿಣದ ಸದ್ದಿರಲಿಲ್ಲ.

"ಬೈಯಾಕ ಬಿಡವ್ವ" ಅಂದ ಅಂಬಾದಾಸ, ಇನ್ನೂ ಏದುಸಿರು ಬಿಡುತ್ತ. "ನಿನ್ನ ಸಲುವಾಗಿ—"

"ನನ್ನ ಸಲುವಾಗಿ ಬ್ಯಾಡ. ಇವರು ಚೀಲದಾಗ ಬಟ್ಟಲ ಮುಚ್ಚಿಕೊಂಡು ಬಂದ್ರು. ನೀವು ಉಪವಾಸ ಮುಚ್ಚಿಕೊಂಡು ಬರ್ತಿದ್ರಿ. ಏನು ಫರಕು?"

ಅವಳು ಅಂಬಾದಾಸನ ಮುಂದೆ ಬಂದು ನಿಂತಳು.

"ನಾಕು ಸಲ ಬಂದೀರಿ ನನ್ನ ಮನಿಗೆ. ನಮ್ಮ ಮಾಪಣ್ಣ ತೀರಿಕೊಂಡಾಗ ಒಂದು ಸಲ. ಗಂಡನ್ನ ಮಣ್ಣು ಮಾಡಿ ಬಂದು ಚಾ ಕಾಸಿದ್ದೆ. ಉಪವಾಸ ಅಂದ್ರಿ. ನನಗ ಜ್ವರ ಬಂದಾಗ ಬಂದ್ರಿ. ನೀರು ಕೊಡಲೇನ್ರಿ ಅಂದೆ. ಉಪವಾಸ ಅಂದ್ರಿ. ತಗಡು ಹೊಸಾದು ಹಾಕಿಸಿ ಪ್ರಾರ್ಥನಾಕ್ಕ ಕರದೆ, ಆವತ್ತೂ ಉಪವಾಸ. ಆಯ್ತು, ದೇವರ ಮನಿಷಾ, ಇರತೈತಿ ಅಂದೆ. ಕಡೀಕ ಕ್ರಿಸ್‌ಮಸ್ ಮರುದಿನ ಬಂದ್ರಿ. ಕ್ರಿಸ್‌ಮಸ್ ಮರುದಿನ ಯಾವ ಪಾದ್ರಿ ಉಪವಾಸ ಇರ್ತಾನ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ಕಿಸಕ್ಕೆಂದರು. ಆ ನಗೆ ಅಂಬಾದಾಸನ ಬೆನ್ನಿಗೆ ಬಂದು ಬಿತ್ತು.

"ಬಾವಿ ಮಾತು ಹೇಳಿದ್ನಲ್ಲ" ಅಂದಳು ಮರೆಮ್ಮ, ಈಗ ಬಹಳ ಸಣ್ಣ ದನಿಯಲ್ಲಿ, "ಅದು ನಿಮಗ ಹೇಳಿದ್ದು. ನೀವು ಅದನ್ನ ಊರಿಗೆಲ್ಲ ಹಂಚಿದ್ರಿ."

ಸುಳ್ಳೆನ್ನಲು ಅಂಬಾದಾಸನಿಗೆ ಏನೂ ಉಳಿದಿರಲಿಲ್ಲ. ಅವನ ಅಪ್ಪ ಬಲಗೈ ಕೇರಿಯವನು, ಹೊಲೆಯ. ಊರಿನ ಗೌಡ ಅವರನ್ನೂ ಮಾದಿಗರನ್ನೂ ಒಂದೇ ದೂರದಲ್ಲಿ ನಿಲ್ಲಿಸುತ್ತಿದ್ದ. ಆ ದೂರದ ಒಳಗೇ ಇವರು ಇನ್ನೊಂದು ದೂರ ಅಳೆದಿಟ್ಟುಕೊಂಡಿದ್ದರು. ಮಾದಿಗರ ಮನೆಯ ನೀರು ಕುಡಿಯುತ್ತಿರಲಿಲ್ಲ. ಅಪ್ಪ ದೀಕ್ಷಾಸ್ನಾನ ತೆಗೆದುಕೊಂಡ, ಹೆಸರಿನ ಮುಂದೆ ಹೊಸ ಹೆಸರು ಬಂತು, ಗೋಡೆಯ ಪಟಗಳು ಬದಲಾದವು. ಗಂಟಲು ಬದಲಾಗಲಿಲ್ಲ. ಮರೆಮ್ಮನ ತಗಡಿನ ಮನೆಯೊಳಗೆ ಲೋಟ ಕಂಡ ಕೂಡಲೇ ಅವನ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ನಾಲಿಗೆ ತಾನಾಗಿ 'ಉಪವಾಸ' ಅನ್ನುತ್ತಿತ್ತು. ನಾಲ್ಕು ಸಲವೂ ಅವನು ಅದನ್ನು ಸುಳ್ಳು ಅಂತ ಅಂದುಕೊಂಡಿರಲೇ ಇಲ್ಲ. ಮನೆಗೆ ಬಂದು ಹಸಿವಾಗಿ ಉಂಡಿದ್ದ.

"ಲೈವ್ ಬಂದ್ ಮಾಡಿ, ಲೈವ್!" ವಿಶ್ರುತ ಕೂಗಿದ. "ಎಲ್ಲ ಹೋಗ್ತಾ ಉಂಟು!"

ಕಾಂಚನಾ ಫೋನಿನತ್ತ ಕೈ ಚಾಚಿದಳು. ಅಂಬಾದಾಸ ಅವಳಿಗಿಂತ ಮುಂಚೆ ಅಲ್ಲಿದ್ದ. ಪರದೆಯ ಮೂಲೆಯಲ್ಲಿ ಕೆಂಪು ಗುಂಡಿ. ಹೆಬ್ಬೆರಳು ಅದರ ಮೇಲೆಯೇ ಇತ್ತು. ಒತ್ತಿದರೆ ತೊಂಬತ್ತು ಮನೆಗಳಿಗೆ ಇಷ್ಟೇ ಗೊತ್ತಾಗುತ್ತದೆ, ಉಳಿದದ್ದನ್ನು ನೆಟ್‌ವರ್ಕಿನ ಮೇಲೆ ಹಾಕಬಹುದು. ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ 'ಕರ್ತನಿಗೆ ಸ್ತೋತ್ರ' ಅನ್ನಬಹುದು. ಕುಕ್ಕರ್ ಕೂಗುತ್ತದೆ. ರಿಕ್ಷಾ ಹೊರಡುತ್ತದೆ. ಠಣ್ ಅನ್ನುವ ಒಂದು ಸದ್ದು ಮಾತ್ರ ಇರುವುದಿಲ್ಲ.

ಅವನು ಫೋನನ್ನು ತನ್ನ ಮುಖದ ಕಡೆ ತಿರುಗಿಸಿಕೊಂಡ.

"ಕೇಳ್ರಿ" ಅಂದ. "ಆಕಿ ಹೇಳಿದ್ದು ಖರೆ ಅದ. ನಾಕು ಸಲ ಸುಳ್ಳು ಹೇಳೀನಿ. ಉಪವಾಸ ಇರಲಿಲ್ಲ. ಮಾದಿಗರ ಮನಿ ಅಂತ ಕುಡೀಲಿಲ್ಲ. ನಾನು. ಅಂಬಾದಾಸ."

ಫೋನನ್ನು ಹಾಗೇ ಬಿಟ್ಟು, ತಟ್ಟೆಯಿಂದ ರೊಟ್ಟಿಯ ತುಂಡೊಂದನ್ನು ಎತ್ತಿಕೊಂಡ. ಬಾಯಿಗೆ ಒಯ್ಯುವಷ್ಟರಲ್ಲಿ ಮರೆಮ್ಮ ಅವನ ಮಣಿಕಟ್ಟು ಹಿಡಿದಳು.

"ಇಲ್ಲಿ ಬ್ಯಾಡ."

"ಅವ್ವಾ—"

"ಇಲ್ಲಿ ಎಲ್ಲಾರೂ ನೋಡಾಕತ್ತಾರ. ಇಲ್ಲಿ ತಿಂದ್ರ ನಿಮಗ ಹೆಸರು ಬರತೈತಿ. ಅದನ್ನೂ ಕತ್ತರಿಸಿ ಹಂಚತೀರಿ. ನನ್ನ ರೊಟ್ಟಿ ನಿಮ್ಮ ಹೆಸರಿಗಲ್ಲ." ತುಂಡನ್ನು ಅವನ ಬೆರಳಿನಿಂದ ಬಿಡಿಸಿ ತಟ್ಟೆಗೆ ಹಾಕಿದಳು. ಮುರಿದದ್ದನ್ನೂ ಮುರಿಯದ್ದನ್ನೂ ಕೂಡಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿ, ಗಂಟು ಬಿಗಿದು, ಸಾಲುಗಳ ನಡುವೆ ನಡೆದಳು. ಎಪ್ಪತ್ತು ಮನೆಯ ಜನ ತೊಡೆಯ ಮೇಲಿನ ಪಾತ್ರೆಗಳನ್ನು ಹಿಡಿದುಕೊಂಡು ಕಾಲು ಒಳಕ್ಕೆಳೆದುಕೊಂಡು ದಾರಿ ಬಿಟ್ಟರು.

ಕಲ್ಯಾಣದಿಂದ ಪನವೇಲ್ ಬಸ್ ಶಿಳ್‌ಫಾಟಾ ದಾಟುವಾಗ ಮರೆಮ್ಮ ಮುಂದಿನ ಸೀಟಿನಲ್ಲಿದ್ದಳು. ಮೂರು ಸೀಟು ಹಿಂದೆ ಅಂಬಾದಾಸ. ಅವಳು ಒಮ್ಮೆಯೂ ತಿರುಗಲಿಲ್ಲ. ಇಳಿ ಅನ್ನಲೂ ಇಲ್ಲ. ಅವನ ಫೋನು ಜೇಬಿನಲ್ಲಿ ಗುರ್ ಗುರ್ ಅನ್ನುತ್ತಲೇ ಇತ್ತು. ಒಮ್ಮೆ ತೆಗೆದು ನೋಡಿದ. ರೇವಣಸಿದ್ದ ಗುಂಪು ಬಿಟ್ಟಿದ್ದ. ವಿಶ್ರುತ ಬಿಟ್ಟಿದ್ದ. ಒಂದರ ಕೆಳಗೆ ಒಂದು ಹೆಸರು, ಬೆರಳಿಂದ ಜಾರಿಸಿದಷ್ಟೂ. ನಡುವೆ ಕಾಂಚನಾಳದೊಂದು ಮಾತು: "ನಾ ಏನು ಮಾಡ್ಲಿ ಹೇಳ್ರಿ." ಅವನು ಫೋನನ್ನು ಮತ್ತೆ ಜೇಬಿನ ಒಳಗಿಟ್ಟ.

ಕಳಂಬೋಲಿಯಲ್ಲಿ ಭಾನುವಾರದ ಮಾರ್ಕೆಟ್ ಬಿಸಿಲಿಗೆ ಕಾದು ಬಿದ್ದಿತ್ತು. ಸರಳುಗಳ ರಾಶಿ ದಾಟಿ, ಗಟಾರದ ಹಲಗೆ ದಾಟಿ, ಮರೆಮ್ಮ ತಗಡಿನ ಬಾಗಿಲ ಬೀಗ ತೆಗೆದಳು. ಅವನು ಹೊಸ್ತಿಲ ಹೊರಗೆ ನಿಂತ. ಐದನೆಯ ಸಲ.

"ಅವ್ವಾ" ಅಂದ. ಗಂಟಲು ಮುಚ್ಚಿಕೊಳ್ಳಲು ನೋಡಿತು. ಅದು ಈಗಲೂ ನೋಡಿತು ಅನ್ನುವುದೇ ಅವನನ್ನು ಬೆಚ್ಚಿಸಿತು. "ನೀರು ಕೊಡ್ರಿ."

ಮರೆಮ್ಮ ಅವನನ್ನು ದಿಟ್ಟಿಸಿದಳು. ಒಳಗೆ ಹೋಗಿ ಕೊಡ ಅಲುಗಾಡಿಸಿದಳು. ಸದ್ದಿಲ್ಲ. ಹಲಗೆಯ ಮೇಲಿದ್ದ ಒಂದೇ ಒಂದು ಸ್ಟೀಲ್ ಲೋಟ ತಂದು ಅವನ ಕೈಗಿಟ್ಟಳು.

"ರೊಟ್ಟಿಗೆ ಇದ್ದ ನೀರೆಲ್ಲ ಮುಗಿಸೀನಿ. ನಳ ನಾಕಕ್ಕ ಬರತೈತಿ. ಅಲ್ಲಿತನಾ ಕುಂದ್ರತೀರೇನು?"

ಆಗ ಎರಡೂ ಕಾಲು ಗಂಟೆ. ಅಂಬಾದಾಸ ಖಾಲಿ ಲೋಟ ಹಿಡಿದುಕೊಂಡು ಹೊಸ್ತಿಲ ಒಳಗೆ, ನೆಲದ ಮೇಲೆ ಕುಳಿತ.